ಮಂಡ್ಯದ ಕಬ್ಬು, ಜಾನಕಿ ಅಮ್ಮಾಳ್ ಎಣಿಸಿದ ಲೆಕ್ಕ

ಮಂಡ್ಯ ಸೀಮೆಯಲ್ಲಿ ಕಬ್ಬನ್ನು ಹೆಸರು ಹಿಡಿದು ಕರೆಯುವುದಕ್ಕಿಂತ ನಂಬರ್ ಹಿಡಿದು ಕರೆಯುವುದೇ ಜಾಸ್ತಿ. ಪಾಂಡವಪುರ, ಮದ್ದೂರು, ಮಳವಳ್ಳಿ, ಯಾವ ಕಡೆಯ ಆಲೆಮನೆಯಲ್ಲಿ ಬೇಕಾದರೂ ಯಾವ ತಳಿ ಎಂದು ಕೇಳಿ ನೋಡಿ. 62175 ಅನ್ನುತ್ತಾರೆ, 86032 ಅನ್ನುತ್ತಾರೆ, ಇಲ್ಲವೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನವರು ಕೊಟ್ಟ 0517 ಅನ್ನುತ್ತಾರೆ. ಮೊದಲಿನ ಎರಡು ನಂಬರಿನ ಹಿಂದೆ 'ಕೋ' ಎಂಬ ಅಕ್ಷರ ಇದೆ. ಅದು ಕೊಯಮತ್ತೂರು. 62 ಅಂದರೆ 1962ನೇ ಇಸವಿಯ ಸಾಲಿನ ಕಬ್ಬು, 86 ಅಂದರೆ 1986ರದ್ದು. ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಸಂಶೋಧನೆಗೆ ಅಂತಲೇ ಒಂದು ಕೇಂದ್ರ 1912ರಲ್ಲಿ ಶುರುವಾಯಿತು. ಅಲ್ಲಿಂದ ಬಂದ ಕಬ್ಬುಗಳ ಹೆಸರೆಲ್ಲ 'ಕೋ'ದಿಂದಲೇ ಶುರು, ಮೊದಮೊದಲ ತಳಿಗಳ ನಂಬರಿನಲ್ಲಿ ಮಾತ್ರ ಇಸವಿ ಇರಲಿಲ್ಲ.

ಆ ಕೇಂದ್ರಕ್ಕೆ 1934ರಲ್ಲಿ ಒಬ್ಬ ಹೆಣ್ಣುಮಗಳು ಬಂದು ಕೆಲಸಕ್ಕೆ ಸೇರಿದರು. ಹೆಸರು ಇ.ಕೆ. ಜಾನಕಿ ಅಮ್ಮಾಳ್. ಹುಟ್ಟಿದ್ದು 1897ರಲ್ಲಿ, ಕೇರಳದ ತಲಶ್ಶೇರಿಯಲ್ಲಿ. ಮದ್ರಾಸಿನಲ್ಲಿ ಸಸ್ಯಶಾಸ್ತ್ರ ಓದಿ, ಅಲ್ಲೇ ಪಾಠ ಮಾಡಿ, ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, 1931ರಲ್ಲಿ ಡಾಕ್ಟರೇಟ್ ಪಡೆದರು. ಆ ಕಾಲಕ್ಕೆ ನಮ್ಮ ದೇಶದಲ್ಲಿ ಹುಡುಗಿಯರು ಹೈಸ್ಕೂಲು ದಾಟುವುದೇ ಅಪರೂಪವಾಗಿತ್ತು. ಅವರು ಮದುವೆಯಾಗಲಿಲ್ಲ. ಮೇಲ್ಜಾತಿಯವರೂ ಅಲ್ಲ, ತಿಯ್ಯ ಸಮುದಾಯದವರು. ಗಂಡಸರೇ ತುಂಬಿದ್ದ ಪ್ರಯೋಗಾಲಯಗಳಲ್ಲಿ ಇದೆಲ್ಲ ಎಷ್ಟು ಭಾರವಾಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಬಗ್ಗೆ ಬರೆಯುವಾಗ ಒಂದು ಮಾತು ಪದೇ ಪದೇ ಬರುತ್ತದೆ: 'ಭಾರತದ ಕಬ್ಬಿಗೆ ಸಿಹಿ ತಂದ ಮಹಿಳೆ'. ಕೇಳಲು ಚೆನ್ನಾಗಿದೆ, ಆದರೆ ಅದು ಸರಿಯಲ್ಲ. ಕೊಯಮತ್ತೂರಿನ ಮೊದಲ ಹೆಸರಾಂತ ಸಂಕರ ತಳಿ ಕೋ 205. ಅದೇ ಕೇಂದ್ರದ ವಿಜ್ಞಾನಿಗಳಾದ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರ ಶ್ರಮದಿಂದ ಅದು ರೈತರ ಕೈಗೆ ಬಂದದ್ದು 1918ರಲ್ಲಿ. ಆಗ ಜಾನಕಿ ಇನ್ನೂ ಕಾಲೇಜು ಓದುತ್ತಿದ್ದರು. ಅವರು ಮಾಡಿದ ಕೆಲಸ ಬೇರೆ, ಮತ್ತು ನನ್ನ ಲೆಕ್ಕದಲ್ಲಿ ಅದು ಇನ್ನೂ ದೊಡ್ಡದು. ಕಬ್ಬು ಎಂಬ ಈ ಗಿಡ ನಿಜಕ್ಕೂ ಏನು, ಅದರ ಬಂಧು ಬಳಗ ಯಾರು, ಒಂದು ಸಂಕರ ಯಾಕೆ ಕೈಹಿಡಿಯುತ್ತದೆ, ಇನ್ನೊಂದು ಯಾಕೆ ಕೈಕೊಡುತ್ತದೆ ಎಂದು ಅವರು ಕೇಳಿದರು. ತಳಿ ಬೆಳೆಸುವವರು ಬೀಜ ಬಿತ್ತಿ, ಚೆನ್ನಾಗಿ ಬಂದದ್ದನ್ನು ಆರಿಸಿಕೊಳ್ಳುತ್ತಾರೆ. ಜಾನಕಿ ಅದೇ ಗಿಡದ ಬೇರಿನ ತುದಿ ಕತ್ತರಿಸಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರು.

ಅಲ್ಲಿ ಏನು ಕಂಡಿತು ಎಂದು ತಿಳಿಯಬೇಕಾದರೆ ಮೊದಲು ಸೂಲಂಗಿಯಿಂದ, ಅಂದರೆ ಕಬ್ಬಿನ ಹೂವಿನಿಂದ ಶುರುಮಾಡಬೇಕು.

ಕಬ್ಬಿನ ಗದ್ದೆಯಲ್ಲಿ ಸೂಲಂಗಿ ಎದ್ದರೆ ರೈತನ ಮುಖ ಸಣ್ಣಗಾಗುತ್ತದೆ. "ಸೂಲಂಗಿ ಬಂತು ಅಂದ್ರೆ ಕಬ್ಬು ಬೆಂಡಾಯ್ತದೆ ಕಣಣ್ಣ" ಎನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಹೂ ಬಿಟ್ಟ ಮೇಲೆ ಜಲ್ಲೆ ಬೆಳೆಯುವುದು ನಿಲ್ಲುತ್ತದೆ. ಹಾಗೇ ಬಿಟ್ಟರೆ ರಸವೂ ಇಳಿಯುತ್ತದೆ. ಅಲ್ಲದೆ ನಾವು ಕಬ್ಬನ್ನು ಬೀಜದಿಂದ ಬೆಳೆಯುವುದೇ ಇಲ್ಲವಲ್ಲ. ಜಲ್ಲೆಯನ್ನು ಎರಡು ಮೂರು ಗಿಣ್ಣಿನ ತುಂಡು ಮಾಡಿ ನೆಡುತ್ತೇವೆ. ಹಾಗೆ ನೆಟ್ಟಾಗ ಬರುವುದು ಅದೇ ಗಿಡ. ಒಂದು ತಾಲ್ಲೂಕು ಪೂರ್ತಿ 62175 ಹಾಕಿದರೆ, ಅಷ್ಟೂ ಗದ್ದೆಯಲ್ಲಿ ಇರುವುದು ಒಂದೇ ಗಿಡದ ತುಂಡುಗಳು.

ಹೊಸ ತಳಿ ಬೇಕಾದವರಿಗೆ ಮಾತ್ರ ಸೂಲಂಗಿಯೇ ಬೇಕು. ಆ ಬೆಳ್ಳಗಿನ ಗರಿಯಂಥ ಹೂಗೊಂಚಲಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಬೀಜಗಳು ಇರುತ್ತವೆ. ಒಂದೊಂದು ಬೀಜವೂ ಒಂದೊಂದು ಬೇರೆ ಕಬ್ಬು. ಒಂದು ಬೇಗ ಬೆಳೆದರೆ ಇನ್ನೊಂದು ರೋಗ ತಡೆಯುತ್ತದೆ, ಮತ್ತೊಂದು ಯಾವುದಕ್ಕೂ ಬಾರದು. ಉತ್ತರ ಭಾರತದ ಚಳಿ ಸೀಮೆಗಳಲ್ಲಿ ಕಬ್ಬು ಸರಿಯಾಗಿ ಹೂ ಬಿಡುವುದಿಲ್ಲ, ಬಿಟ್ಟರೂ ಬೀಜ ಕಟ್ಟುವುದು ಕಷ್ಟ. ಕೊಯಮತ್ತೂರಿನಲ್ಲಿ ಹೂವೂ ಬರುತ್ತದೆ, ಬೀಜವೂ ಮೊಳೆಯುತ್ತದೆ. ಸಂಶೋಧನಾ ಕೇಂದ್ರ ಅಲ್ಲಿ ಬರಲು ಇದೇ ಮುಖ್ಯ ಕಾರಣ.

ಈಗ ವರ್ಣತಂತುಗಳ ವಿಷಯಕ್ಕೆ ಬರೋಣ. ಶಾಲೆಯಲ್ಲಿ ಓದಿದ್ದು ನೆನಪಿರಬಹುದು. ಜೀವಕೋಶದ ಒಳಗೆ ದಾರದ ತುಂಡುಗಳಂಥ ವರ್ಣತಂತುಗಳು, ಅಂದರೆ ಕ್ರೋಮೋಸೋಮುಗಳು ಇರುತ್ತವೆ. ಗಿಡ ಹೇಗಿರಬೇಕು ಎಂಬ ಮಾಹಿತಿ ಅದರಲ್ಲಿ ಇರುತ್ತದೆ. ಮನುಷ್ಯನಿಗೆ 46, ಭತ್ತಕ್ಕೆ 24, ರಾಗಿಗೆ 36. ನಮ್ಮಲ್ಲಿ ಪ್ರತಿಯೊಂದು ಬಗೆಯ ತಂತುವೂ ಎರಡೆರಡು, ಅಮ್ಮನಿಂದ ಒಂದು, ಅಪ್ಪನಿಂದ ಒಂದು.

ಕಬ್ಬು ಈ ಲೆಕ್ಕಕ್ಕೆ ಸಿಗುವುದಿಲ್ಲ. ಸಂಕ್ರಾಂತಿಗೆ ನಾವು ಜಗಿಯುವ ಮೆತ್ತನೆಯ ದಪ್ಪ ಕಬ್ಬು ಹೆಚ್ಚಾಗಿ ಸೇರುವ ಜಾತಿಯಲ್ಲಿ 80 ವರ್ಣತಂತುಗಳಿವೆ. ಮೂಲ ಕಟ್ಟು ಹತ್ತು ತಂತುಗಳದ್ದು, ಆ ಕಟ್ಟಿನ ಎಂಟು ಪ್ರತಿ ಒಂದೇ ಜೀವಕೋಶದಲ್ಲಿ. ಮನೆಯಲ್ಲಿ ಅಜ್ಜಿ ಬರೆದ ಒಂದೇ ಅಡುಗೆ ಪುಸ್ತಕದ ಎಂಟು ನಕಲು ಇವೆ ಅಂದುಕೊಳ್ಳಿ. ಒಂದರಲ್ಲಿ ಹುಳಿಪುಡಿ ಪುಟ ಹರಿದರೂ ಉಳಿದ ಏಳರಲ್ಲಿ ಇರುತ್ತದೆ, ಅಡುಗೆ ನಿಲ್ಲುವುದಿಲ್ಲ. ಆದರೆ ಎಂಟಕ್ಕೂ ಎಂಟು ಜನ ತಮಗೆ ಬೇಕಾದ ಹಾಗೆ ತಿದ್ದಿ ಬರೆದಿದ್ದರೆ, ಇವತ್ತಿನ ಹುಳಿಗೆ ಆ ರುಚಿ ಯಾವ ಪುಸ್ತಕದಿಂದ ಬಂತು ಎಂದು ಹೇಳುವುದು ಬಲು ಕಷ್ಟ. ಹೀಗೆ ಹಲವು ಪ್ರತಿ ಇರುವ ಗಿಡಗಳನ್ನು ಬಹುಗುಣಿತ ಗಿಡಗಳು ಎನ್ನುತ್ತಾರೆ. ಕಬ್ಬು ಅವುಗಳಲ್ಲೇ ತೀರಾ ತೊಡಕಿನದು. ಭತ್ತದ ಜೀನೋಮನ್ನು, ಅಂದರೆ ಅದರ ವರ್ಣತಂತುಗಳಲ್ಲಿರುವ ಇಡೀ ಮಾಹಿತಿಯನ್ನು, ವಿಜ್ಞಾನಿಗಳು ಪೂರ್ತಿಯಾಗಿ ಓದಿ ಮುಗಿಸಿದ್ದು 2005ರಲ್ಲಿ. ಈಗ ಗದ್ದೆಯಲ್ಲಿ ಬೆಳೆಯುವಂಥ ಸಂಕರ ಕಬ್ಬಿನ ಜೀನೋಮನ್ನು ಅದೇ ಮಟ್ಟದಲ್ಲಿ ಬಿಡಿಸಿ ಪ್ರಕಟಿಸಲು 2024ರವರೆಗೆ ಕಾಯಬೇಕಾಯಿತು.

ಜಾನಕಿ ಅಮ್ಮಾಳ್ ಕೆಲಸ ಮಾಡಿದ್ದು ಇದಕ್ಕೆ ತೊಂಬತ್ತು ವರ್ಷ ಮೊದಲು. ಆಗ ಡಿಎನ್ಎ ರಚನೆಯೇ ಗೊತ್ತಿರಲಿಲ್ಲ. ಇದ್ದದ್ದು ಮೈಕ್ರೋಸ್ಕೋಪು, ಬಣ್ಣ, ಕಣ್ಣು, ತಾಳ್ಮೆ.

ಆ ಕಾಲದಲ್ಲಿ ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಕಬ್ಬಿನ ತುಂಡು ನೆಟ್ಟರೆ ಗಿಣ್ಣಿನ ಸುತ್ತ ಬೇರು ಮೊಳೆಯುತ್ತವೆ. ಬೇರಿನ ತುದಿಯ ಒಂದೆರಡು ಮಿಲಿಮೀಟರಿನಲ್ಲಿ ಜೀವಕೋಶಗಳು ಸದಾ ಒಡೆದು ಎರಡಾಗುತ್ತಿರುತ್ತವೆ. ಹಾಗೆ ಒಡೆಯುವ ಹೊತ್ತಿನಲ್ಲಿ ಮಾತ್ರ ವರ್ಣತಂತುಗಳು ಗಟ್ಟಿಯಾಗಿ ಸುತ್ತಿಕೊಂಡು ಕಣ್ಣಿಗೆ ಕಾಣುತ್ತವೆ. ಉಳಿದ ಹೊತ್ತಿನಲ್ಲಿ ಕಾಣುವುದು ಒಂದು ಮಬ್ಬು ಉಂಡೆ. ಆದ್ದರಿಂದ ತುದಿಯನ್ನು ಸರಿಯಾದ ಹೊತ್ತಿಗೆ ಕತ್ತರಿಸಿ, ಆಮ್ಲ ಬೆರೆಸಿದ ದ್ರಾವಣದಲ್ಲಿ ಅದ್ದಿ, ಒಳಗಿನದೆಲ್ಲ ಇದ್ದಲ್ಲೇ ನಿಲ್ಲುವಂತೆ ಮಾಡಬೇಕು. ಆಮೇಲೆ ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಸೀಳಿ, ಗಾಜಿನ ಮೇಲೆ ಅಂಟಿಸಿ, ಬಣ್ಣ ಹಾಕಬೇಕು. ಮೈಕ್ರೋಸ್ಕೋಪಿಗೆ ಒಂದು ಕನ್ನಡಿ ಜೋಡಿಸಿದರೆ ಕಂಡದ್ದು ಪಕ್ಕದ ಕಾಗದದ ಮೇಲೆ ಬಿದ್ದಂತೆ ತೋರುತ್ತದೆ. ಅದನ್ನು ಪೆನ್ಸಿಲಿನಿಂದ ಬರೆದುಕೊಂಡು ಎಣಿಸಬೇಕು. ಕಬ್ಬಿನ ಒಂದೊಂದು ವರ್ಣತಂತುವಿನ ಉದ್ದ ಮಿಲಿಮೀಟರಿನ ಸಾವಿರದ ಕೆಲವು ಭಾಗ ಮಾತ್ರ. ಅಂಥವು ಎಂಬತ್ತು, ಸಂಕರ ಕಬ್ಬಾದರೆ ನೂರಕ್ಕೂ ಹೆಚ್ಚು, ಒಂದರ ಮೇಲೊಂದು ಬಿದ್ದುಕೊಂಡು ಇರುತ್ತವೆ. ಒಂದು ಕೋಶದ ಎಣಿಕೆ ಸಾಲದು. ಅದೇ ಸಂಖ್ಯೆ ಮತ್ತೆ ಮತ್ತೆ ಬಂದಾಗಲೇ ನಂಬಬೇಕು.

ಇಷ್ಟು ಕಷ್ಟಪಟ್ಟು ಎಣಿಸಿದರೆ ಸಿಗುವುದು ಒಂದು ಸಂಖ್ಯೆ. ಸುಮ್ನೆ ಒಂದು ಸಂಖ್ಯೆಗೆ ಇಷ್ಟು ಪಾಡೇ ಅನಿಸಬಹುದು. ಕೋ 205ರ ಕಥೆ ನೋಡಿದರೆ ಆ ಸಂಖ್ಯೆಯ ಬೆಲೆ ಗೊತ್ತಾಗುತ್ತದೆ.

ಕೋ 205ರ ತಾಯಿ ವೆಳ್ಳೈ ಎಂಬ ದಪ್ಪ, ಸಿಹಿ ಕಬ್ಬು. ತಂದೆ ಒಂದು ಕಾಡುಹುಲ್ಲು. ಹೊಳೆ ದಡದಲ್ಲಿ, ಹಳ್ಳದ ಅಂಚಿನಲ್ಲಿ ತಾನಾಗಿ ಬೆಳೆದು ಬೆಳ್ಳಗೆ ತೆನೆ ಬಿಡುವ ಹುಲ್ಲಿನ ಜಾತಿ ಅದು. ಉತ್ತರ ಭಾರತದಲ್ಲಿ ಕಾಸ್ ಅನ್ನುತ್ತಾರೆ, ಇಲ್ಲಿ ಕಾಡುಕಬ್ಬು ಎಂದು ಕರೆಯೋಣ. ಅದರ ದಂಟು ಬೆರಳಿಗಿಂತ ಸಣ್ಣ, ಸಿಹಿ ಬಹಳ ಕಡಿಮೆ. ಆದರೆ ಬರ, ನೆರೆ, ರೋಗ ಯಾವುದಕ್ಕೂ ಅದು ಸುಲಭವಾಗಿ ಬಗ್ಗುವುದಿಲ್ಲ. ಕಡಿದಷ್ಟೂ ಚಿಗುರುತ್ತದೆ.

ತಾಯಿಗೆ 80 ವರ್ಣತಂತು. ಕೊಯಮತ್ತೂರಿನ ಕಾಡುಕಬ್ಬಿಗೆ 64. ಸಾಮಾನ್ಯ ನಿಯಮದ ಪ್ರಕಾರ ತಾಯಿಯ ಅರ್ಧ 40, ತಂದೆಯ ಅರ್ಧ 32, ಒಟ್ಟು 72 ಬರಬೇಕು, ಅಲ್ವಾ? ಆದರೆ ಕೋ 205ರಲ್ಲಿ ಇರುವುದು 112. ಅಂದರೆ 80 ಮತ್ತು 32. ತಾಯಿ ತನ್ನಲ್ಲಿದ್ದ ಅಷ್ಟನ್ನೂ ಮಗುವಿಗೆ ಕೊಟ್ಟಿದ್ದಾಳೆ, ತಂದೆ ಮಾತ್ರ ಅರ್ಧ ಕೊಟ್ಟಿದ್ದಾನೆ. ಕಬ್ಬಿನ ಈ ವಿಚಿತ್ರ ನಡತೆಯನ್ನು ಜಾವಾದಲ್ಲಿದ್ದ ಡಚ್ ವಿಜ್ಞಾನಿಗಳು 1920ರ ದಶಕದಲ್ಲೇ ಗುರುತಿಸಿದ್ದರು. ಇದರ ಫಲ ಏನು ಎಂದರೆ, ಕಾಡುಹುಲ್ಲಿನ ಜೊತೆ ಕೂಡಿಸಿದರೂ ಸಿಹಿ ಅರ್ಧಕ್ಕೆ ಇಳಿಯಲಿಲ್ಲ. ತಾಯಿಯ ಸಿಹಿಯ ಪಾಲು ಹೆಚ್ಚು ಉಳಿಯಿತು, ತಂದೆಯ ಗಟ್ಟಿತನವೂ ಬಂತು. ಈಗ ಬೆಳೆಯುವ ಕಬ್ಬುಗಳಲ್ಲಿ ಸಾಮಾನ್ಯವಾಗಿ ನೂರರಿಂದ ನೂರಮೂವತ್ತು ವರ್ಣತಂತುಗಳಿರುತ್ತವೆ. ಅದರಲ್ಲಿ ಸುಮಾರು ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ ಕಾಡುಕಬ್ಬಿನದು. ಮಂಡ್ಯದಲ್ಲಿ ಒಮ್ಮೆ ನೆಟ್ಟ ಕಬ್ಬನ್ನು ಕಡಿದ ಮೇಲೆ ಕೂಳೆ ಬಿಟ್ಟು ಮತ್ತೆ ಬೆಳೆ ತೆಗೆಯುತ್ತೇವಲ್ಲ, ಆ ಚಿಗುರುವ ಶಕ್ತಿಯಲ್ಲಿ ದೊಡ್ಡ ಪಾಲು ಹೊಳೆ ದಡದ ಆ ಹುಲ್ಲಿನ ಕೊಡುಗೆ.

ಜಾನಕಿ ಅಮ್ಮಾಳ್ ಅವರ ನೋಟ ಬೇರೆಯಾಗಿ ಕಾಣುವುದು ಇಲ್ಲಿಯೇ. ತಳಿ ಬೆಳೆಸುವವರಿಗೆ ಕಾಡುಕಬ್ಬು ಎಂದರೆ ಗಟ್ಟಿತನ ತರುವ ಒಂದು ಸಾಧನ. ಒಂದು ಗಿಡ ಸಿಕ್ಕರೆ ಸಾಕು, ಕೆಲಸ ನಡೆಯುತ್ತದೆ. ಜಾನಕಿಯವರಿಗೆ ಅಷ್ಟು ಸಾಲಲಿಲ್ಲ. ಬೇರೆ ಬೇರೆ ಕಡೆಯ ಕಾಡುಕಬ್ಬುಗಳನ್ನು ಇಟ್ಟುಕೊಂಡು ಒಂದೊಂದನ್ನೂ ಎಣಿಸಿದರು. ಭಾರತದ ಕಾಡುಕಬ್ಬುಗಳ ವರ್ಣತಂತುಗಳ ಬಗ್ಗೆ 1936ರಲ್ಲಿ ಅವರ ಬರಹ ಪ್ರಕಟವಾಯಿತು. ನೋಡಲು ಒಂದೇ ಹುಲ್ಲು, ಒಂದೇ ಜಾತಿ. ಆದರೆ ಒಂದೊಂದು ಕಡೆಯದಕ್ಕೆ ಒಂದೊಂದು ಸಂಖ್ಯೆ. ಈ ಜಾತಿಯಲ್ಲಿ 40ರಿಂದ 128ರವರೆಗೂ ಇದೆ ಎಂದು ಇಂದು ಗೊತ್ತಿದೆ. ಅಂದರೆ 'ಕಾಡುಕಬ್ಬು' ಎಂದು ಒಂದೇ ಗಿಡವನ್ನು ತೋರಿಸುವ ಹಾಗಿಲ್ಲ. ಆ ಜಾತಿ ಊರಿಂದ ಊರಿಗೆ ಹಬ್ಬುತ್ತಾ ಬದಲಾಗಿದೆ. ಅದು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಜಾಡು ಅದರ ಜೀವಕೋಶದಲ್ಲೇ ಇದೆ. ಗಿಡ, ಅದರ ಸಂಖ್ಯೆ, ಅದು ಬೆಳೆದ ಜಾಗ, ಈ ಮೂರನ್ನೂ ಒಟ್ಟಿಗೆ ನೋಡಬೇಕು ಎಂಬುದು ಅವರ ಸಂಶೋಧನೆಯ ಬೇರು. ಮುಂದೆ ಐವತ್ತು ವರ್ಷ ಅವರು ಮಾಡಿದ್ದೆಲ್ಲ ಇದರಿಂದಲೇ ಬಂತು.

ಇದೇ ಕಾರಣಕ್ಕೆ ಅವರು ಹೊಲಕ್ಕೆ ಬಾರದ ಸಂಕರಗಳನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದರು. ಕಬ್ಬಿಗೆ ಮುಸುಕಿನ ಜೋಳವನ್ನು ಕೂಡಿಸಿದ್ದರ ವಿವರವನ್ನು 1938ರಲ್ಲಿ ಪ್ರಕಟಿಸಿದರು. ವೆಂಕಟರಾಮನ್ ಅವರು ಕಬ್ಬು ಮತ್ತು ಬಿದಿರನ್ನು ಕೂಡಿಸಿ ಪಡೆದ ಗಿಡಗಳ ವರ್ಣತಂತುಗಳನ್ನು ಅದೇ ವರ್ಷ ಎಣಿಸಿ ಬರೆದರು. ಕಬ್ಬಿನ ಇತರ ಹುಲ್ಲು ಬಂಧುಗಳ ಜೊತೆಗಿನ ಸಂಕರಗಳ ಮೇಲೂ ಕೆಲಸ ಮಾಡಿದರು. ಇದ್ಯಾವುದೂ ಮಂಡ್ಯದ ಗದ್ದೆಗೆ ತಳಿಯಾಗಿ ಬರಲಿಲ್ಲ. ಹಾಗಾದರೆ ಪ್ರಯೋಜನ ಏನು ಎಂದು ಕೇಳಿದರೆ ಉತ್ತರ ಸರಳ. ಎರಡು ಗಿಡ ಕೂಡಿ ಮರಿ ಹುಟ್ಟಿತು ಎಂದರೆ ಅವು ಎಲ್ಲೋ ಹಿಂದೆ ಒಂದೇ ಬುಡದಿಂದ ಒಡೆದವು. ಮರಿಯ ಕೋಶದಲ್ಲಿ ಎರಡೂ ಕಡೆಯ ತಂತುಗಳು ಜೋಡಿಯಾಗುತ್ತವೆಯೋ ಇಲ್ಲವೋ ಎಂದು ನೋಡಿದರೆ ಸಂಬಂಧ ಎಷ್ಟು ಹತ್ತಿರದ್ದು ಎಂದು ಗೊತ್ತಾಗುತ್ತದೆ. ಇಂದು ಉಪಯೋಗವಿಲ್ಲ ಎಂದು ಬಿಟ್ಟ ಬಂಧುವಿನಲ್ಲಿ ನಾಳೆ ಬೇಕಾಗುವ ಗುಣ ಇರಬಹುದು. ಯಾವ ಬಾಗಿಲು ತೆರೆಯುತ್ತದೆ ಎಂದು ಮೊದಲೇ ತಟ್ಟಿ ನೋಡಿದವರು ಯಾರಾದರೂ ಇರಬೇಕು. ತಕ್ಷಣದ ಫಲವನ್ನೇ ಅಳತೆ ಮಾಡಿ ಸಂಶೋಧನೆಗೆ ಹಣ ಕೊಡುವವರು ಈ ಕೆಲಸವನ್ನು ಒಮ್ಮೆ ಓದಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇದೇ ದಶಕದಲ್ಲಿ ನಮ್ಮ ಕಡೆ ಏನು ನಡೆಯುತ್ತಿತ್ತು ನೋಡಿ. ಕನ್ನಂಬಾಡಿ ಕಟ್ಟೆ ಮುಗಿದು ನಾಲೆಯಲ್ಲಿ ನೀರು ಬಂದಿತ್ತು. ಅಂದು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಶುರುವಾಯಿತು. ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ನೀರು, ಕಾರ್ಖಾನೆ, ತಳಿ ಈ ಮೂರೂ ಸೇರಿದ್ದರಿಂದ ಇಲ್ಲಿನ ಬದುಕು ಬದಲಾಯಿತು. ಮೊದಲಿನ ಎರಡರ ಕಥೆ ನಮ್ಮ ಮಕ್ಕಳಿಗೆ ಗೊತ್ತು, ಊರೂರಲ್ಲೂ ವಿಶ್ವೇಶ್ವರಯ್ಯನವರ ಫೋಟೋ ಇದೆ. ತಳಿಯ ಹಿಂದಿನ ಜನರ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ.

1939ರಲ್ಲಿ ಜಾನಕಿ ಅಮ್ಮಾಳ್ ತಳಿಶಾಸ್ತ್ರದ ಸಮ್ಮೇಳನಕ್ಕೆಂದು ಎಡಿನ್‌ಬರೋಗೆ ಹೋದರು. ಯುದ್ಧ ಶುರುವಾಯಿತು, ಅಲ್ಲೇ ಉಳಿದರು. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ವರ್ಷಗಳಲ್ಲಿ ಅಲ್ಲಿನ ಜಾನ್ ಇನ್ಸ್ ಎಂಬ ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಅಲ್ಲಿನ ವಿಜ್ಞಾನಿ ಸಿ.ಡಿ. ಡಾರ್ಲಿಂಗ್ಟನ್ ಜೊತೆ ಸೇರಿ, ಮನುಷ್ಯ ಬೆಳೆಸುವ ಗಿಡಗಳ ವರ್ಣತಂತು ಸಂಖ್ಯೆಗಳನ್ನೆಲ್ಲ ಒಂದೆಡೆ ಕೂಡಿಸಿದ ಗ್ರಂಥವನ್ನು 1945ರಲ್ಲಿ ಹೊರತಂದರು. ಆಮೇಲೆ ಇಂಗ್ಲೆಂಡಿನಲ್ಲೇ ಇರುವ ವಿಸ್ಲಿಯ ತೋಟದಲ್ಲಿ ಕಾಲ್ಚಿಸಿನ್ ಎಂಬ ಔಷಧಿಯಿಂದ ಗಿಡದ ವರ್ಣತಂತು ದುಪ್ಪಟ್ಟು ಮಾಡುವ ಪ್ರಯೋಗ ನಡೆಸಿದರು. ಕೋಶ ಎರಡಾಗುವ ಮುನ್ನ ತಂತುಗಳನ್ನು ಅತ್ತ ಇತ್ತ ಎಳೆಯುವ ಎಳೆಗಳನ್ನು ಆ ಔಷಧಿ ಕಟ್ಟಲು ಬಿಡುವುದಿಲ್ಲ, ಹಾಗಾಗಿ ಎಲ್ಲವೂ ಒಂದೇ ಕೋಶದಲ್ಲಿ ಉಳಿದುಬಿಡುತ್ತವೆ. ಅಲ್ಲಿನ ಒಂದು ಬಗೆಯ ಮ್ಯಾಗ್ನೋಲಿಯಾ ಎಂಬ ಹೂಗಿಡಕ್ಕೆ ಅವರ ಹೆಸರೇ ಇದೆ.

ನೆಹರೂ ಕರೆದದ್ದರಿಂದ 1951ರಲ್ಲಿ ವಾಪಸು ಬಂದರು. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯನ್ನು ಹೊಸದಾಗಿ ಕಟ್ಟುವುದು ಅವರಿಗೆ ಒಪ್ಪಿಸಿದ ಕೆಲಸ. ಈ ಹೊತ್ತಿನ ಒಂದು ಸಂಗತಿಯನ್ನು ಅವರು ಡಾರ್ಲಿಂಗ್ಟನ್‌ಗೆ ಪತ್ರದಲ್ಲಿ ಬರೆದಿದ್ದಾರೆ. ಆಗ ಅಸ್ಸಾಂಗೆ ಸೇರಿದ್ದ ಶಿಲ್ಲಾಂಗಿನ ಕಡೆಯ ಭಾಗದಲ್ಲಿ ಒಂದು ಜಾತಿಯ ಮ್ಯಾಗ್ನೋಲಿಯಾ ಒಂದೇ ಒಂದು ಮರ ಉಳಿದಿತ್ತು. ಅದನ್ನು ಹುಡುಕಿಕೊಂಡು ಶಿಲ್ಲಾಂಗಿನಿಂದ 37 ಮೈಲಿ ಹೋದರು. ಹೋಗಿ ನೋಡಿದರೆ ಮರ ಸುಟ್ಟುಹೋಗಿತ್ತು. ಆಹಾರ ಹೆಚ್ಚು ಬೆಳೆಯಬೇಕು ಎಂದು ದೇಶದ ತುಂಬ ಕಾಡು ಕಡಿದು ಹೊಲ ಮಾಡುತ್ತಿದ್ದ ಕಾಲ ಅದು. ಕೊಯಮತ್ತೂರಿನಲ್ಲಿ ಒಂದೊಂದು ಊರಿನ ಹುಲ್ಲಿಗೂ ಒಂದೊಂದು ಲೆಕ್ಕ ಇಟ್ಟವರಿಗೆ, ಎಣಿಸುವ ಮೊದಲೇ ಸುಟ್ಟುಹೋದ ಮರ ಎಂದರೆ ಏನು ಎಂದು ನಾವು ಊಹಿಸಬಹುದು. ಹೋದದ್ದು ಒಂದು ಮರ ಮಾತ್ರವಲ್ಲ, ಆ ಜಾಗದಲ್ಲಿ ಆ ಜಾತಿ ಪಡೆದಿದ್ದ ರೂಪವೇ ಹೋಯಿತು.

1955ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ, ಮನುಷ್ಯನಿಂದ ಭೂಮಿ ಹೇಗೆ ಬದಲಾಗಿದೆ ಎಂಬ ಬಗ್ಗೆ ದೊಡ್ಡ ಸಮಾವೇಶ ನಡೆಯಿತು. ಅಲ್ಲಿ ವಿಚಾರ ಮಂಡಿಸಲು ಬಂದವರಲ್ಲಿ ಅವರೊಬ್ಬರೇ ಹೆಂಗಸು. ಅವರು ಮಾತಾಡಿದ್ದು ಭಾರತದ ಹಳ್ಳಿ, ಕಾಡುಗಳ ಜನ ತಮ್ಮ ಹೊಟ್ಟೆಪಾಡಿಗೆ ನಡೆಸುವ ಬೇಸಾಯದ ಬಗ್ಗೆ. ಕಾಡಿನ ಜನರಿಗೆ ಯಾವ ಗಿಡ ಯಾವುದಕ್ಕೆ ಗೊತ್ತು ಎಂಬುದನ್ನು ದಾಖಲಿಸುವುದು ಆಮೇಲೆ ಅವರ ಕೆಲಸದ ಒಂದು ಭಾಗವೇ ಆಯಿತು. ಗಿಡದ ಜೀವಕೋಶ ನೋಡುವವರು ಗಿಡದ ಜೊತೆ ಬಾಳುವವರ ಮಾತನ್ನೂ ಕೇಳಬೇಕು ಎಂಬುದು ಆಗಿನ ದೊಡ್ಡ ವಿಜ್ಞಾನಿಗಳಲ್ಲಿ ಬಹಳ ಜನಕ್ಕೆ ಹೊಳೆದಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಕೇರಳದ ಸೈಲೆಂಟ್ ವ್ಯಾಲಿ ಕಾಡಿನಲ್ಲಿ ಕುಂತಿಪ್ಪುಳ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂತು. ಆಗ ಅವರ ವಯಸ್ಸು ಎಂಬತ್ತರ ಹತ್ತಿರ. ವಿರೋಧಿಸಿದವರಲ್ಲಿ ಅವರೂ ಒಬ್ಬರು. ವಿರೋಧಿಸಿದ ರೀತಿಯಲ್ಲೂ ಅವರ ಹಳೆಯ ಅಭ್ಯಾಸ ಬಿಡಲಿಲ್ಲ. ಆ ಕಾಡಿನ ಮರಗಳ ವರ್ಣತಂತುಗಳನ್ನು ಎಣಿಸುವ ಸಮೀಕ್ಷೆಗೆ ಕೈ ಹಾಕಿದರು. ಮುಳುಗುವುದು ಏನು ಎಂದು ಗೊತ್ತಾಗಬೇಕಾದರೆ ಅಲ್ಲಿ ಇರುವುದು ಏನು ಎಂದು ಮೊದಲು ಗೊತ್ತಿರಬೇಕಲ್ಲ. ಯೋಜನೆ ಕೈಬಿಟ್ಟು, 1984ರ ನವೆಂಬರಿನಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಜಾನಕಿ ಅಮ್ಮಾಳ್ ಅದೇ ವರ್ಷದ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು, ಮದ್ರಾಸಿನ ಹತ್ತಿರದ ಮಧುರವಾಯಲ್‌ನಲ್ಲಿ ಕೆಲಸ ಮಾಡುತ್ತಲೇ.

ಮಂಡ್ಯದವರಿಗೆ ಇದರಲ್ಲಿ ಇಂದಿಗೂ ಸಂಬಂಧಪಟ್ಟ ಮಾತು ಒಂದಿದೆ. ಒಂದೇ ತಳಿ ಇಡೀ ಸೀಮೆಯಲ್ಲಿ ಇದ್ದಾಗ, ಅದನ್ನು ಹಿಡಿಯುವ ಒಂದು ರೋಗ ಬಂದರೆ ಎಲ್ಲ ಗದ್ದೆಗೂ ಒಟ್ಟಿಗೆ ಅಪಾಯ. ಕೆಂಪು ಕೊಳೆ ರೋಗ ಹೀಗೆಯೇ ಒಳ್ಳೊಳ್ಳೆ ತಳಿಗಳನ್ನು ಹೊಲ ಬಿಡಿಸಿದೆ. ಹೊಸ ತಳಿ ಬೇಕಾದಾಗ ಗಟ್ಟಿತನ ಎಲ್ಲಿಂದ ತರುವುದು? ಮೊದಲ ಸಂಕರಗಳಿಗೆ ಬಳಸಿದ ಕಾಡುಕಬ್ಬುಗಳು ಕೆಲವೇ ಕೆಲವು. ಅದೇ ನಾಲ್ಕಾರು ಗಿಡಗಳ ವಂಶದಲ್ಲೇ ಕೂಡಿಸುತ್ತಾ ಹೋದರೆ ಒಂದು ದಿನ ಹೊಸದೇನೂ ಸಿಗುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಇಂದಿಗೂ ಹೊಳೆ ದಡ, ಹಳ್ಳ, ರಸ್ತೆ ಬದಿ ಅಲೆದು ಕಾಡುಕಬ್ಬಿನ ಬೇರೆ ಬೇರೆ ರೂಪಗಳನ್ನು ಕೂಡಿಡುತ್ತಾರೆ. ಯಾವುದನ್ನು ತಂದರು, ಎಲ್ಲಿಂದ ತಂದರು, ಅದರ ಸಂಖ್ಯೆ ಎಷ್ಟು ಎಂಬ ಮೂರೂ ವಿವರ ಜೊತೆಗೆ ಇರುತ್ತವೆ.

ಹಾಗೆ ಕೂಡಿಟ್ಟ ಕಬ್ಬುಗಳ ಒಂದು ದೊಡ್ಡ ಸಂಗ್ರಹ, ಬೇರೆ ದೇಶಗಳಿಂದ ತಂದದ್ದೂ ಸೇರಿ, ಕೊಯಮತ್ತೂರು ಸಂಸ್ಥೆಯ ಕಣ್ಣೂರು ಕೇಂದ್ರದಲ್ಲಿದೆ. ಸುತ್ತಮುತ್ತ ಕಬ್ಬಿನ ಬೇಸಾಯ ಇಲ್ಲದ ಕಡಲ ತೀರ ಅದು, ರೋಗ ಹರಡುವ ಭಯ ಕಡಿಮೆ. ಮೈಸೂರಿನಿಂದ ಹುಣಸೂರು, ವಿರಾಜಪೇಟೆ, ಮಾಕುಟ್ಟ ದಾಟಿ ಘಟ್ಟ ಇಳಿದರೆ ಕಣ್ಣೂರು. ಜಾನಕಿ ಅಮ್ಮಾಳ್ ಹುಟ್ಟಿದ ತಲಶ್ಶೇರಿ ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರು.